ಸಾಹುಕಾರರ ಕೂಪೆ, ನಮ್ಮ ಬ್ಯಾಡಗಿ ಮೂಗು

ಸೀಟು ಹೊಲಿಯುವ ಕೆಲಸ ಕಲಿಯಬೇಕೆಂದು ಬರುವ ಹುಡುಗಿಯರು ಮೊದಲು ಮಶೀನಿನ ಮುಂದೆ ಹೋಗಿ ನಿಲ್ಲುತ್ತಾರೆ. ನಾನು ಅವರನ್ನು ಒಂದು ಹಳೆಯ ಸೀಟಿನ ಮೇಲೆ ಕೂರಿಸುತ್ತೇನೆ. "ಎಲ್ಲಿ ಚುಚ್ಚತೈತಿ ಹೇಳು" ಎನ್ನುತ್ತೇನೆ. ಹೇಳಿದವಳಿಗೆ ಕೆಲಸ ಬೇಗ ಬರುತ್ತದೆ. "ಚಲೋ ಐತ್ರಿ ಅಮ್ಮಾ" ಎಂದು ನನ್ನ ಮುಖ ನೋಡಿ ಹೇಳಿದವಳಿಗೆ ಸ್ವಲ್ಪ ತಡ.

ನಾನೀಗ ಮಶೀನು ಬಿಟ್ಟಿದ್ದೇನೆ. ಬೆರಳ ಗಂಟುಗಳು ಬಾತು, ಕೈಯಲ್ಲಿ ಸೂಜಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಜಪದ ತಸ್ಬಿ ಮಣಿ ಮಾತ್ರ ಇನ್ನೂ ತಿಳಿಯುತ್ತದೆ. ಅದು ಅಲ್ಲಾನ ದಯೆ. ಅಂಗಡಿಯನ್ನು ಸೊಸೆ ರೇಷ್ಮಾ ನೋಡಿಕೊಳ್ಳುತ್ತಾಳೆ. "ಅತ್ತಿ, ಈ ಹುಡುಗ್ಯಾರಿಗೆ ನಾ ಹೇಳಿದ್ರ ಕೇಳಂಗಿಲ್ಲ, ನೀವು ಬರದು ಕೊಡ್ರಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವುದು ಹಿರಿಯರ ಕೆಲಸ. ನನ್ನ ತವರು ಬ್ಯಾಡಗಿ, ಮದುವೆಯಾಗಿ ಬಂದದ್ದು ರಾಣೆಬೆನ್ನೂರಿಗೆ. ಗಾದಿಗೆ ಗಿರಾಕಿ ಕಡಿಮೆಯಾದಾಗ ನಮ್ಮ ಮನೆಯವರು, ದಾವಲಸಾಬರು, ಬಸ್ಸು, ಜೀಪು, ಟ್ರ್ಯಾಕ್ಟರುಗಳ ಸೀಟಿಗೆ ಕೈ ಹಾಕಿದರು. ಮುಂದೆ ಅಂಗಡಿ, ಹಿಂದೆ ಮನೆ. ಯಾರಾದರೂ ಕೇಳಿದರೆ ನಾನು ಮನೆಯಲ್ಲಿರುತ್ತೇನೆ ಎಂದೇ ಹೇಳುತ್ತಿದ್ದೆ. ಸುಳ್ಳೇನಲ್ಲ. ರೊಟ್ಟಿ ಬಡಿದು, ಪಾತ್ರೆ ತೊಳೆದು, ಮಧ್ಯಾಹ್ನದ ನಮಾಜು ಮುಗಿಸಿ, ಅದೇ ಮನೆಯಲ್ಲಿ ಮಶೀನಿಗೆ ಕೂರುತ್ತಿದ್ದೆ.

ನನ್ನ ಮೇಲಿನ ಸಾಹೇಬರು ಎಂದರೆ ನಮ್ಮ ಅತ್ತೆ. ಓದು ಬರಹ ಇರಲಿಲ್ಲ, ಬಾಯಿ ಮಾತ್ರ ಜೋರು. "ಸೀಟು ಅಂದ್ರ ಹೊಟ್ಟಿ ಇದ್ದಂಗ" ಎನ್ನುತ್ತಿದ್ದರು. "ಬಾಳ ತುಂಬಿದ್ರ ನೋಯತೈತಿ, ಕಡಿಮಿ ತುಂಬಿದ್ರ ಗುಡುಗತೈತಿ." ಹೊಲಿಗೆ ಸೊಟ್ಟಾದರೆ ಬೈಯುತ್ತಿರಲಿಲ್ಲ. ಅದರ ಮೇಲೆ ಹೊತ್ತು ಮುಳುಗುವವರೆಗೆ ತಾವೇ ಕೂತುಬಿಡುತ್ತಿದ್ದರು. "ಯಾಕ್ರಿ ಅತ್ತಿ?" ಎಂದರೆ, "ನೀ ಮಾಡಿದ್ದು ಹೆಂಗೈತಿ ಅಂತ ನನ್ನ ಸೊಂಟಾನ ಹೇಳತೈತಿ ತಡಿ" ಎನ್ನುತ್ತಿದ್ದರು. ಅದರ ಮುಂದೆ ಬೈಗುಳವೇ ವಾಸಿ.

ಗಾದಿ ಮಾಡುವ ಕೈ ಸೀಟು ಮಾಡಿದರೆ ಏನಾಗುತ್ತದೆ ಎಂಬುದು ಕರ್ಜಗಿಯ ರೈತರೊಬ್ಬರ ಟ್ರ್ಯಾಕ್ಟರಿನಿಂದ ತಿಳಿಯಿತು. ಹತ್ತಿ ತುಂಬಿ ಮೆತ್ತಗೆ, ಬಾಣಂತಿ ಮಲಗುವಂಥ ಸೀಟು ಮಾಡಿಕೊಟ್ಟೆ. ಕೆಲವು ದಿನಕ್ಕೆ ಆ ಮನುಷ್ಯ ಸೀಟನ್ನು ಬಗಲಲ್ಲಿ ಹಿಡಿದು ಬಂದರು.

"ಅಕ್ಕಾರ, ಸೀಟು ಭಾರೀ ಆಗೇತಿ. ಕುಂತ ಕೂಡ್ಲೆ ನಿದ್ದಿ ಹತ್ತತೈತಿ. ನಿನ್ನೆ ಬದು ದಾಟಿ ಬಾಜೂದವ್ರ ಹೊಲಾ ಅರ್ಧಾ ಉತ್ತು ಬಂದೇನಿ."

"ಅವ್ರು ಏನಂದ್ರು?"

"ಉಳಿದರ್ಧಾ ಯಾವಾಗ ಉಳಾಕ ಬರ್ತೀ ಅಂದ್ರು."

ಅಂದಿನಿಂದ ಗಟ್ಟಿ ಸೀಟು ಗಟ್ಟಿಯಾಗಿಯೇ, ಮೆತ್ತನೆಯದು ಮೆತ್ತಗೇ. ಕೂರುವವರ ಕೆಲಸ ಕೇಳದೆ ಕತ್ತರಿ ಎತ್ತಬೇಡಿರಿ.

ಆಮೇಲೆ ಫೋಮು ಬಂತು. ಹತ್ತಿ ಹಿಂಜುವುದು ನಿಂತು ಕೆಮ್ಮು ಕಡಿಮೆಯಾಯಿತು, ಅದೂ ಒಂದು ದಯೆ. ಈಗ ಸೀಟಿನ ಕವರು ಚೀಲದಲ್ಲಿ ಮಡಚಿಕೊಂಡೇ ಬರುತ್ತದೆ, ಎಳೆದು ಹಾಕಿದರೆ ಮುಗಿಯಿತು. ಒಳಗೆ ಏನಿದೆ ಎಂದು ಬಿಚ್ಚಿ ನೋಡುವವರಿಲ್ಲ. ನಾನು ಹೇಳಬೇಕೆಂದಿರುವುದು ಒಳಗಿನ ಸುದ್ದಿ. ಅದು ಬ್ಯಾಡಗಿಯ ಸಾಹುಕಾರರ ಗಾಡಿಯದು.

ವೀರಭದ್ರಪ್ಪ ಸಾಹುಕಾರರದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಒಂದು ದಿನ ನಮ್ಮ ಮನೆಯವರು ಅವರ ಗೋದಾಮಿನಿಂದಲೇ ಫೋನು ಮಾಡಿದರು.

"ಜೈತುನಾ, ಸಾಹುಕಾರ್ರ ಕೂಪೆ ಹೊಲ್ಯೋದೈತಿ. ನಾಳೆ ನೀನೂ ಬಾ."

ಹಂಚಿನ ಮೇಲೆ ರೊಟ್ಟಿ ಇತ್ತು, ನನಗೆ ಕೇಳಿಸಿದ್ದು ಕುಬಸ. ನಮ್ಮ ಕಡೆ ರವಿಕೆಗೂ ಕುಬಸ ಎನ್ನುತ್ತೇವೆ, ಬಸುರಿಗೆ ಉಡಿ ತುಂಬುವ ಶಾಸ್ತ್ರಕ್ಕೂ ಕುಬಸವೇ.

"ಯಾರ ಕುಬಸರೀ? ಅವ್ರ ಸೊಸಿಗೆ ಎಷ್ಟು ತಿಂಗಳಾದ್ವು?"

"ಕುಬಸ ಅಲ್ಲಲೇ, ಕೂಪೆ! ಕಾರು!"

"ಕಾರಿಗ್ಯಾಕ್ರಿ ಕುಬಸಾ?"

ಸಾಹುಕಾರರು ಪಕ್ಕದಲ್ಲೇ ಇದ್ದರಂತೆ. ಅವರು ನಕ್ಕಿದ್ದು ಫೋನಿನಲ್ಲಿ ನನಗೇ ಕೇಳಿಸಿತು. ಮಾರನೆಯ ದಿನ ನಾನು ಹೋದಾಗ, "ಬಾರವಾ, ಬಸುರಿ ದಾರಿ ಕಾಯಾಕತ್ತಾಳ" ಎಂದರು.

ತಾಡಪತ್ರಿ ಸರಿಸಿ ಗಾಡಿ ತೋರಿಸಿದರು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡೇ ಬಾಗಿಲು. ಮೂತಿ ಉದ್ದ, ಮಾಡು ಹಿಂದಕ್ಕೆ ಇಳಿಜಾರಾಗಿ ಬಾಲದವರೆಗೂ ಜಾರಿಕೊಂಡು ಹೋಗುತ್ತದೆ. ಮುಂದೆ ಇಬ್ಬರು, ಹಿಂದೆ ಕೂಸುಗಳಷ್ಟೇ ಕೂರುವ ಜಾಗ. ಇಂಥ ಓಟದ ಗಾಡಿಗೆ ಕೂಪೆ ಎನ್ನುತ್ತಾರಂತೆ. ಸಾಹುಕಾರರು ಹರೆಯದಲ್ಲಿ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರಿಂದ ಕೊಂಡು ಬಹಳ ವರ್ಷ ಓಡಿಸಿದ್ದರು. ಆಮೇಲೆ ಮೊಣಕಾಲು ಹೋಯಿತು, ಕ್ಲಚ್ಚು ತುಳಿಯಲಾಗದೆ ಗಾಡಿ ಮೂಲೆ ಸೇರಿತು, ಸೀಟು ಇಲಿಗಳ ಪಾಲಾಯಿತು. ಈಗ ರಾಣೆಬೆನ್ನೂರಿನ ಈರಣ್ಣ ಮಿಸ್ತ್ರಿ ಇಂಜಿನು ಬಿಚ್ಚಿ ಜೋಡಿಸಿ, ತುಕ್ಕು ಕೆರೆದು, ಮೊದಲಿನ ಹಸಿರು ಬಣ್ಣವನ್ನೇ ಕೊಟ್ಟಿದ್ದ. ಉಳಿದದ್ದು ಸೀಟು. ಅದಾದ ಮೇಲೆ ಮಾರಾಟ.

ಅವರ ಮಗ ಮಹೇಶ ಕೆಟ್ಟವನಲ್ಲ. ಗೋದಾಮು ಕೆಡವಿ ಮೆಣಸಿನಕಾಯಿಗೆ ಥಂಡಿ ಗೋದಾಮು ಕಟ್ಟಿಸಬೇಕಿತ್ತು, ಅಷ್ಟೇ. ನನ್ನ ಮುಂದೆಯೇ ತಂದೆಗೆ ಹೇಳಿದ.

"ಅಪ್ಪಾರ, ಯುಗಾದಿ ತನಕ ಓಡಸವ್ರು ಯಾರರ ಬಂದ್ರ ಅವ್ರಿಗೇ ಕೊಡೂಣು. ಬರಲಿಲ್ಲಂದ್ರ ಹೈವೇ ಡಾಬಾದವ ಕೇಳ್ಯಾನ."

"ಅವ ಏನ್ ಮಾಡ್ತಾನ ಇದನ್ನ?"

"ಇಂಜಿನ್ ತಗದು ಕಂಬದ ಮ್ಯಾಲ ಕುಂದ್ರಸ್ತಾನಂತ. ಲೈಟ್ ಹಚ್ಚತಾನಂತ. ಮಂದಿ ಫೋಟೋ ಹೊಡ್ಕೊಂತಾರ."

"ಹಂಗಾದ್ರ ನನ್ನೂ ಅದರ ಜೋಡಿ ಏರಿಸಿಬಿಡ್ರಿ" ಎಂದರು ಸಾಹುಕಾರರು. "ಹಾರ ಹಾಕಿ ಹೊಡ್ಕೊಳ್ಳಲಿ ಫೋಟೋ."

ನಗಲು ನೋಡಿದರು, ಆಗಲಿಲ್ಲ. ಅವರಿಗೆ ಇದ್ದ ಆಸೆ ಒಂದೇ. ಗಾಡಿ ಓಡಿಸುವವರ ಕೈಗೆ ಹೋಗಬೇಕು, ರಸ್ತೆಯ ಮೇಲಿರಬೇಕು.

ಹಳೆಯ ಕಾಲದ ಇಂಗ್ಲಿಷ್ ಸೀಟು ನಮ್ಮ ಗಾದಿಯ ದೊಡ್ಡಣ್ಣನೇ. ತಳದಲ್ಲಿ ಸ್ಪ್ರಿಂಗು, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ನಾರು, ಮೇಲೆ ಹತ್ತಿ, ಕೊನೆಗೆ ಚರ್ಮ. ಚರ್ಮದಲ್ಲಿ ಸೀರೆಯ ನಿರಿಗೆಯಂತೆ ಉದ್ದುದ್ದ ಗೆರೆಗಳು. ಪ್ರತಿ ನಿರಿಗೆಯೊಳಕ್ಕೂ ಹಿಂಜಿದ ಹತ್ತಿಯನ್ನು ಬಿದಿರುಕಡ್ಡಿಯಿಂದ ದೂಡಬೇಕು. ಎಷ್ಟೋ ವರ್ಷಗಳ ನಂತರ ನಮ್ಮ ಮನೆಯವರು ಅಟ್ಟದ ಮೇಲಿನ ಹಿಂಜುವ ಬಿಲ್ಲು ಇಳಿಸಿದರು. ಅದರ ಟಂಯ್ ಟಂಯ್ ಸದ್ದಿಗೆ ಓಣಿಯ ಮುದುಕಿಯರೆಲ್ಲ ಹೊರಗೆ ಬಂದು ನಿಂತರು. ಹತ್ತಿ ಹಾರುವುದನ್ನು ನೋಡುತ್ತ ನಾನೂ ರೊಟ್ಟಿ ಹೊತ್ತಿಸಿದೆ.

ತಟ್ಟು ತರಬೇಕು ಎಂದಾಗ ಸಾಹುಕಾರರು ತಡೆದರು. "ರಾಣೆಬೆನ್ನೂರಿಂದ ತಟ್ಟು ಹೊತ್ಕೊಂಡು ಬರ್ತೀಯೇನವಾ? ಇಲ್ಲೆ ಚೀಲ ಗುಡ್ಡಿ ಬಿದ್ದಾವ. ತಗೋ."

ಮೆಣಸಿನಕಾಯಿ ಚೀಲಗಳು. ಗಟ್ಟಿ ನೇಯ್ಗೆ. ಸಾಬೂನು ಹಾಕಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿದೆ. ಮೂಸಿ ನೋಡಿದೆ, ಏನೂ ಇಲ್ಲ. ನಮ್ಮ ಮನೆಯವರು ಮೂಸಿದರು, ಏನೂ ಇಲ್ಲ. ಸಾಹುಕಾರರಂತೂ, "ಮಲ್ಲಿಗಿ ಇದ್ದಂಗೈತಿ" ಎಂದರು. ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದೆ.

ಸೀಟು ಚೆನ್ನಾಗಿ ಬಂತು. ನನ್ನ ಕೈಕೆಲಸವನ್ನು ನಾನೇ ಹೊಗಳಬಾರದು, ಆದರೂ ಆ ನಿರಿಗೆಗಳ ಮೇಲೆ ಅಂಗೈ ಆಡಿಸಿದರೆ ಮಗುವಿನ ಬೆನ್ನು ಸವರಿದಂತಿತ್ತು. ಮಹೇಶ ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದ. ನೋಡಿ, ಮೈಸೂರಿನಿಂದ ಗಂಡ ಹೆಂಡತಿ ಬಂದರು. ಗೋಪಿನಾಥರು ಮತ್ತು ನಾಗರತ್ನಮ್ಮ. ಇಬ್ಬರಿಗೂ ಹಳೆಯ ಗಾಡಿಗಳನ್ನು ಓಡಿಸುವ ಹುಚ್ಚು. ಗೋಪಿನಾಥರು ಗಾಡಿಯ ಕೆಳಗೆ ಮಲಗಿ ನೋಡಿ ಎದ್ದು, ಈರಣ್ಣನ ಕೈ ಕುಲುಕಿದರು. ನಾಗರತ್ನಮ್ಮ ಸೀಟು ಸವರಿ, "ಎಷ್ಟು ಚೆನ್ನಾಗಿ ಹೊಲಿದಿದೀರಮ್ಮ" ಎಂದರು. ನಾನು ಒಳಗೊಳಗೇ ಅಲ್ಲಾನಿಗೆ ಶುಕ್ರ್ ಹೇಳಿಕೊಂಡೆ. ಗಾಡಿ ಬೆಳಗ್ಗೆಯಿಂದ ಅಂಗಳದ ಬಿಸಿಲಲ್ಲಿ ಗಾಜು ಏರಿಸಿಕೊಂಡೇ ನಿಂತಿತ್ತು. ಇಬ್ಬರೂ ಕುಳಿತು ಮೋಟೆಬೆನ್ನೂರಿನ ಕಡೆ ಒಂದು ಸುತ್ತು ಹೊರಟರು.

ಬೇಗನೆ ಬಂದುಬಿಟ್ಟರು. ಬಾಗಿಲು ತೆಗೆದು ನಾಗರತ್ನಮ್ಮ ಇಳಿದಾಗ ಕಣ್ಣು ಮೂಗು ಎರಡೂ ಧಾರೆ. ಸೀನಿನ ಮೇಲೆ ಸೀನು.

"ಏನ್ರೀ ಇದು" ಎಂದರು, ಸೆರಗಿನಲ್ಲಿ ಮುಖ ಒತ್ತಿಕೊಂಡು. "ಕಾರೊಳಗೇ ಒಗ್ಗರಣೆ ಹಾಕಿಟ್ಟಿದೀರಾ?"

"ಊರೇ ಮೆಣಸಿನಕಾಯಿದು ತಾಯೀ" ಎಂದರು ಸಾಹುಕಾರರು. "ಗಾಳಿಯೊಳಗ ಇರತೈತಿ."

"ಹೈವೇಲೂ ಇತ್ತು ಸಾರ್. ಗಾಜು ಇಳಿಸಿದ್ರೆ ಕಡಿಮೆ, ಏರಿಸಿದ್ರೆ ಜಾಸ್ತಿ. ಒಳಗಡೆಯಿಂದಾನೇ ಬರ್ತಿದೆ" ಎಂದರು ಗೋಪಿನಾಥರು.

ನಮ್ಮ ಮನೆಯವರು ಒಳಗೆ ಹೋಗಿ ಕೂತರು, ಉಸಿರೆಳೆದರು. "ಏನೂ ಇಲ್ರಿ." ಮಹೇಶ ಕೂತ. "ಚರ್ಮದ ವಾಸನಿ ಅಷ್ಟ." ನಾನು ಕೂತೆ, ಹೊಸ ಚರ್ಮ, ಎಣ್ಣೆ, ಮತ್ತೇನಿಲ್ಲ. ಸಾಹುಕಾರರು ತಲೆ ತೂರಿಸಿ, ಕಣ್ಣು ಮುಚ್ಚಿ ಎಳೆದುಕೊಂಡು, "ಗಂಧದ ಗುಡಿ ಇದ್ದಂಗೈತಿ" ಎಂದರು. ದಾರಿಯಲ್ಲಿ ಹೋಗುತ್ತಿದ್ದ ಹಮಾಲರನ್ನೂ ಕರೆದು ಕೂರಿಸಿದೆವು. ಅವರೂ ತಲೆ ಅಲ್ಲಾಡಿಸಿದರು. ಒಬ್ಬನಂತೂ, "ಇದರಾಗ ಕುಂತ್ರ ಇದ್ದ ನೆಗಡಿನೂ ಹೋಗತೈತಿ" ಎಂದ.

ಗೋಪಿನಾಥರ ಮುಖ ಕೆಂಪಗಾಯಿತು. "ಹಾಗಾದ್ರೆ ನಾವೇನು ತಮಾಷೆಗೆ ಸೀನ್ತಿದೀವಾ?"

ಅವರು ಹೊರಟುಹೋದರು. ಮಾತು ಕೆಡಿಸಿಕೊಂಡು ಹೋಗಲಿಲ್ಲ, ಆದರೆ ತಿರುಗಿಯೂ ನೋಡಲಿಲ್ಲ. ಸಾಹುಕಾರರು ಗಾಡಿಯ ಮೂತಿಗೆ ಕೈ ಊರಿ ನಿಂತರು. ಯುಗಾದಿ ಹತ್ತಿರ ಬಂದಿತ್ತು.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೊಂದೇ ಅಂದಿನ ದಯೆ. ಮನೆ ಹೊಕ್ಕ ಕೂಡಲೇ ರೇಷ್ಮಾ ಸೀನಿದಳು. ಮದುವೆಯಾಗಿ ಆಗಿನ್ನೂ ಹೊಸದು.

"ಅತ್ತಿ, ಮೊದಲ ಸೀರಿ ಬದಲಿಸ್ರಿ. ಇಡೀ ಬ್ಯಾಡಗಿ ಹೊತ್ಕೊಂಡು ಬಂದೀರಿ."

ಅವಳು ಗುತ್ತಲದವಳು, ಹೊಳೆಯ ಕಡೆಯ ಗಾಳಿಯಲ್ಲಿ ಬೆಳೆದವಳು. ನನ್ನ ತವರಿಗೆ ಹೊಸ ಸೊಸೆಯೆಂದು ಊಟಕ್ಕೆ ಕರೆದೊಯ್ದಾಗ ಸೀನಿ ಸೀನಿ ಬಿರಿಯಾನಿಯನ್ನೇ ಮುಟ್ಟಿರಲಿಲ್ಲ. ಆ ಹೊತ್ತಿಗೆ ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ. ಈಗ ಬಾಗಿಲಲ್ಲೇ ನಿಂತುಬಿಟ್ಟೆ. ನಾನು ಬ್ಯಾಡಗಿಯಲ್ಲಿ ಹುಟ್ಟಿದವಳು. ಸಾಹುಕಾರರ ಆಯುಷ್ಯ ಮೆಣಸಿನಕಾಯಿ ನಡುವೆ. ನಮ್ಮ ಮನೆಯವರು ಈ ಕೆಲಸಕ್ಕೆಂದು ತಿಂಗಳುಗಟ್ಟಲೆ ಅದೇ ಗೋದಾಮಿನಲ್ಲಿದ್ದಾರೆ. ಹಮಾಲರ ಮಾತು ಬೇಡವೇ ಬೇಡ. ಘಾಟು ಇಲ್ಲವೆಂದು ಸಾಕ್ಷಿ ಹೇಳಿದ ಮೂಗುಗಳೆಲ್ಲ ಬ್ಯಾಡಗಿಯ ಮೂಗುಗಳೇ!

ಮಾರನೆಯ ದಿನ ಸೊಸೆಯನ್ನು ಕರೆದುಕೊಂಡು ಹೋದೆ. ಸೀಟನ್ನು ಬಿಚ್ಚಿ ಗೋದಾಮಿನಿಂದ ದೂರ, ಬಯಲಿಗೆ ತಂದು ತಲೆಕೆಳಗು ಮಾಡಿ ತಳದ ಹೊಲಿಗೆಯನ್ನು ಸ್ವಲ್ಪವೇ ಬಿಡಿಸಿದೆ. ಒಂದೊಂದೇ ಪದರಿನ ಚೂರು ತೆಗೆದು ಅವಳ ಮುಂದೆ ಹಿಡಿದೆ.

"ಇದು ಚರ್ಮ. ಮೂಸು."

"ಅತ್ತಿ, ನಾ ಏನ್ ಪೊಲೀಸ್ ನಾಯೇನ್ರಿ?"

"ಮೂಸಲೇ ತಾಯಿ."

ಚರ್ಮಕ್ಕೆ ಏನೂ ಇಲ್ಲ. ಹತ್ತಿಗೆ ಇಲ್ಲ. ನಾರಿಗೆ ಇಲ್ಲ. ತಟ್ಟಿನ ಚೂರು ಹಿಡಿದೆ. ಅವಳು ಸೀನಿದ ರಭಸಕ್ಕೆ ಚೂರು ನನ್ನ ಕೈಯಿಂದ ಹಾರಿಹೋಯಿತು. ನೇಯ್ಗೆಯೊಳಗೆ ಕೂತ ಪುಡಿಗೆ ನಮ್ಮ ಸಾಬೂನು ಸಾಲದು. ಬಿಸಿಲಿಗೆ ಗಾಡಿ ಕಾದಾಗ, ಕೂತವರ ಭಾರಕ್ಕೆ, ತಟ್ಟು ಅದನ್ನು ಸಣ್ಣಗೆ ಉಗುಳುತ್ತಿತ್ತು.

"ನಮ್ಮ ಚೀಲ ನಮ್ಮನ್ನ ಹಿಡಕೊಟ್ವು" ಎಂದರು ಸಾಹುಕಾರರು. ನಮ್ಮನ್ನು ಒಂದು ಮಾತು ಬೈಯಲಿಲ್ಲ.

ನಮ್ಮ ಮನೆಯವರು ತಲೆಗೆ ಕೈ ಹಚ್ಚಿ ಕುಳಿತರು. ಹುಡುಗಿಯರೇ, ಇದನ್ನು ನೆನಪಿಡಿರಿ. ಬಟ್ಟೆ ಕ್ಷಮಿಸುತ್ತದೆ, ಚರ್ಮ ಕ್ಷಮಿಸುವುದಿಲ್ಲ. ಬಟ್ಟೆಯ ಹೊಲಿಗೆ ಬಿಚ್ಚಿದರೆ ಎಳೆ ಕೂಡಿಕೊಳ್ಳುತ್ತದೆ. ಚರ್ಮಕ್ಕೆ ಬಿದ್ದ ತೂತು ತೂತೇ. ಎರಡನೆಯ ಸಲ ಮಶೀನು ಹಾಕಿದರೆ ಹಳೆಯ ತೂತಿನ ಪಕ್ಕ ಹೊಸ ತೂತು ಬಿದ್ದು, ಅಂಚೆಚೀಟಿ ಹರಿದಂತೆ ಹರಿಯುತ್ತದೆ. ಹೊಸ ಚರ್ಮ ತರಿಸಲು ಹೊತ್ತಿಲ್ಲ. ಉಳಿದ ದಾರಿ ಒಂದೇ. ಬಿಚ್ಚಿ, ತಟ್ಟು ಬದಲಿಸಿ, ಕೈಸೂಜಿಯಿಂದ ಅವೇ ಹಳೆಯ ತೂತುಗಳಲ್ಲಿ ಮತ್ತೆ ಹೊಲಿಯುವುದು.

"ನಿನ್ನ ಬಟ್ಟು ನೋಡ್ಕೊ, ಈಗ ಬಾತಾವ. ಆಗತೈತೇನು ನಿನ್ ಕಡಿಂದ?" ಎಂದರು ನಮ್ಮ ಮನೆಯವರು.

"ನನ್ನ ಕಡಿಂದ ಆಗೂದಿಲ್ಲ. ಮಾಡಸಾವ ಮಾಡಸ್ತಾನ" ಎಂದೆ.

ಸೀಟುಗಳನ್ನು ರಾಣೆಬೆನ್ನೂರಿಗೆ ತಂದೆವು. ಹೊಸ ತಟ್ಟು ಕೊಳ್ಳಲು ಹೋದಾಗ ರೇಷ್ಮಾ ಸುರುಳಿ ಸುರುಳಿಯನ್ನೂ ಮೂಸಿದಳು. "ಏನ್ ಅಕ್ಕಾರ, ತಟ್ಟಿಗೂ ಕನ್ಯಾ ನೋಡಿದಂಗ ನೋಡ್ತೀರಲ್ಲ" ಎಂದ ಅಂಗಡಿಯವನು. ಕೆಲಸಕ್ಕೆ ಕೂತಾಗ, ತೂತನ್ನು ಹುಡುಕಿ ಸೂಜಿಯ ತುದಿ ತೋರಿಸುವುದು ನಾನು, ಆ ಕಡೆಯಿಂದ ಎಳೆಯುವುದು ಅವಳು. ಗಂಟುಗಳು ಉರಿಯುತ್ತಿದ್ದವು. ಬಿಸಿನೀರಿನಲ್ಲಿ ಕೈ ಅದ್ದುವುದು, ಮತ್ತೆ ಕೂರುವುದು. ಒಂದು ಸೂಜಿಯೂ ಬೆರಳಲ್ಲಿ ಮುರಿಯಲಿಲ್ಲ. ಚರ್ಮದ ಒಂದು ನಿರಿಗೆಯೂ ಹರಿಯಲಿಲ್ಲ. ಸೊಸೆಯ ಮೇಲಿನ ನನ್ನ ಹಳೆಯ ಮುನಿಸು ಯಾವ ಹೊಲಿಗೆಯಲ್ಲಿ ಕರಗಿತೋ ಗೊತ್ತಾಗಲಿಲ್ಲ. ಇವೆಲ್ಲ ದಯೆಯೇ.

ನಾವು ಹೊಲಿಯುತ್ತಿರುವಾಗಲೇ ಡಾಬಾದವನು ಬಂದು ಗಾಡಿಯ ಉದ್ದ ಅಗಲ ಟೇಪು ಹಿಡಿದು ಅಳೆದುಕೊಂಡು ಹೋದ. "ಕಂಬಕ್ಕ ಪಾಯಾ ತೋಡ್ಸಾಕತ್ತಾನಂತವಾ" ಎಂದು ಸಾಹುಕಾರರು ಫೋನಿನಲ್ಲಿ ಹೇಳಿದರು.

ಸೀಟು ಮುಗಿಸಿ ಬ್ಯಾಡಗಿಗೆ ಒಯ್ದ ದಿನ ಅವರು ನಮ್ಮ ಮುಂದೆಯೇ ಮೈಸೂರಿಗೆ ಫೋನು ಮಾಡಿದರು. ಗೋಪಿನಾಥರು, "ಬೇಡ ಸಾರ್, ಬೇರೆ ಗಾಡಿ ನೋಡ್ತಿದೀವಿ" ಎಂದರು. ನಾನು ಕೈ ಚಾಚಿ ಫೋನು ಇಸಕೊಂಡೆ. "ಮನಿಯವರಿಗೆ ಕೊಡ್ರಿ" ಎಂದೆ.

"ತಾಯೀ, ಅವತ್ತ ಸೀಟು ಸವರಿದ್ರಲ್ಲ, ಅದನ್ನ ಹೊಲದಾಕಿ ನಾನು. ನೀವು ಖರೇ ಸೀನಿದ್ರಿ. ಘಾಟು ಒಳಗ ಇತ್ತು. ನಮಗ ಮೂಗ ಇರಲಿಲ್ಲ. ಸೊಸಿ ಮೂಗು ಎರವಲ ತಗೊಂಡು ಹುಡುಕಿ, ಪೂರಾ ಬಿಚ್ಚಿ ಹೊಲದೇವಿ. ಒಮ್ಮೆ ಬಂದು ಕುಂದ್ರಿ. ಕೊಳ್ಳಬ್ಯಾಡ್ರಿ ಬೇಕಾದ್ರ."

ಆ ಕಡೆ ನಗು. "ಮೂಗು ಎರವಲಾ?" ಎಂದರು ನಾಗರತ್ನಮ್ಮ. "ಬರ್ತೀನಿ. ಆದ್ರೆ ಹೇಳ್ಬಿಡ್ತೀನಿ, ಒಂದೇ ಒಂದು ಸೀನು ಬಂದ್ರೂ ಮಾತು ಮುಗೀತು."

ಬಂದರು. ಯುಗಾದಿಯ ಹಿಂದಿನ ವಾರ, ಸುಡುವ ಬಿಸಿಲು. ಗಾಡಿಯನ್ನು ಈ ಸಲ ನಾವೇ ಬೇಕೆಂದು ಊರ ಹೊರಗಿನ ಬಯಲಲ್ಲಿ ಗಾಜು ಏರಿಸಿ ನಿಲ್ಲಿಸಿದ್ದೆವು. ನಾಗರತ್ನಮ್ಮ ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವೆಲ್ಲ ಸುತ್ತ ನಿಂತೆವು. ಸಾಹುಕಾರರು ಕೋಲಿನ ಮೇಲೆ ಎರಡೂ ಕೈ ಊರಿದ್ದರು. ಈರಣ್ಣ ತುಟಿ ಕಚ್ಚಿಕೊಂಡಿದ್ದ. ನನ್ನ ಬಾಯಲ್ಲಿ ದುವಾ. ಗಾಜಿನೊಳಗೆ ಅವರು ಕಣ್ಣು ಮುಚ್ಚಿ ಉಸಿರೆಳೆಯುವುದು ಕಾಣುತ್ತಿತ್ತು. ಹಣೆಯಲ್ಲಿ ಬೆವರು ಬಂತು, ಕೆನ್ನೆಗೆ ಇಳಿಯಿತು. ಒಮ್ಮೆ ಮೂಗು ಅರಳಿತು. ಈರಣ್ಣ "ಶಿವಾ" ಎಂದ. ಸೀನು ಬರಲಿಲ್ಲ.

ಆಮೇಲೆ ಅವರು ಪಕ್ಕದ ಸೀಟಿಗೆ, ಸ್ಟೀರಿಂಗಿನ ಮುಂದಕ್ಕೆ ಸರಿದು ಕುಳಿತು ಗಾಜು ಇಳಿಸಿದರು. "ಏನ್ರೀ, ಕೀ ಕೊಡಿ" ಎಂದರು ಗಂಡನಿಗೆ. "ಮೈಸೂರಿನವರೆಗೆ ನಾನೇ ಓಡಿಸೋದು."

ಹಾವೇರಿಗೆ ಹೋಗಿ ಕಾಗದಪತ್ರ ಮಾಡಿಸಿಕೊಂಡು ಅವರು ಗಾಡಿ ಒಯ್ಯಲು ಬಂದ ದಿನ ನಾವೂ ಹೋಗಿದ್ದೆವು. ಮಹೇಶನೇ ಡಾಬಾದವನಿಗೆ ಫೋನು ಮಾಡಿ, "ಇಲ್ಲಪಾ, ಗಾಡಿ ಹೊಂಟತು" ಎಂದ. ಅವನ ದನಿಯಲ್ಲೂ ಹಿಗ್ಗಿತ್ತು. ಹೊರಡುವ ಹೊತ್ತಿಗೆ ನಾಗರತ್ನಮ್ಮ ಪಕ್ಕದ ಬಾಗಿಲು ತೆಗೆದು, "ಸಾಹುಕಾರ್ರೇ, ಹೈವೇವರೆಗೂ ಬನ್ನಿ" ಎಂದರು. ಗೋಪಿನಾಥರು ತಮ್ಮ ಇನ್ನೊಂದು ಕಾರಿನಲ್ಲಿ ಹಿಂದೆ. ಸಾಹುಕಾರರು ನಮ್ಮ ಮನೆಯವರ ಹೆಗಲು ಹಿಡಿದು, ಬಗ್ಗಿ, ಒಂದೊಂದೇ ಕಾಲು ಒಳಗೆ ಇಟ್ಟುಕೊಂಡರು. ಗಾಡಿ ಗುಡುಗಿ ಹೊರಟಿತು. ಅದರ ಸದ್ದು ಮೋಟೆಬೆನ್ನೂರಿನ ದಾರಿ ಹಿಡಿದು ದೂರವಾಗುವವರೆಗೂ ನಾವು ಅಲ್ಲೇ ನಿಂತಿದ್ದೆವು.

ಮಹೇಶ ಬೈಕಿನಲ್ಲಿ ಹಿಂದೆ ಹೋಗಿ ತಂದೆಯನ್ನು ಕೂರಿಸಿಕೊಂಡು ಬಂದ. ಸಾಹುಕಾರರು ಗೋದಾಮಿನ ಕಟ್ಟೆಯ ಮೇಲೆ ಕುಳಿತರು. ನೀರು ಕೊಟ್ಟು ಕೇಳಿದೆ.

"ಸೀಟು ಹೆಂಗಿತ್ರಿ?"

"ಸೀಟಿನ ಖಬರ ಇರಲಿಲ್ಲವಾ" ಎಂದರು. ಲೋಟ ಕೈಯಲ್ಲೇ ಇತ್ತು. "ನಮ್ಮ ಮನಿಯಾಕಿ ಇದ್ದಾಗ ಆ ಕಡಿ ಆಕಿನ ಕುಂದ್ರತಿದ್ಲು. 'ಅಲ್ಲೆ ನೋಡ್ರಿ, ಅಲ್ಲೆ ನೋಡ್ರಿ' ಅಂತ ದಾರೀ ತುಂಬ ಒಂದೇ ಸಮ ಅಂತಿದ್ಲು. ನಾ ರಸ್ತಾ ಬಿಟ್ಟು ಕಣ್ಣ ಎತ್ತಿದಾವಲ್ಲ. ಇವತ್ತ ಆಕಿ ಜಾಗಾದಾಗ ಕುಂತು ಎಲ್ಲಾ ನೋಡ್ಕೊಂಡು ಬಂದೆ."